ಜೂನಿಯರ್ ಝೆಪೆಲಿನ್‌ಗೆ ಎಷ್ಟು ಮಾರ್ಕ್ಸು?

ಮೂರನೇ ಹಾಡು ಮುಗಿಯುವ ಹೊತ್ತಿಗೆ ಹೆಂಡತಿ ಅಡುಗೆಮನೆಯಿಂದಲೇ ಕೂಗಿ ಕೇಳಿದಳು. "ರೀ, ಇದು ಅದೇ ಅಲ್ವಾ? ಮದುವೆಯಾದ ಹೊಸದರಲ್ಲಿ ಬೆಳಗ್ಗೆ ಬೆಳಗ್ಗೆ ಹಾಕ್ತಿದ್ರಲ್ಲ, ಆ ಕಿರುಚೋ ಮನುಷ್ಯನ ಕ್ಯಾಸೆಟ್ಟು?"

ಅಲ್ಲ. ಆ ಕಿರುಚೋ ಮನುಷ್ಯ ರಾಬರ್ಟ್ ಪ್ಲಾಂಟ್. ಅವನ ಬ್ಯಾಂಡು, ಇಂಗ್ಲೆಂಡಿನ ರಾಕ್ ಬ್ಯಾಂಡ್ ಲೆಡ್ ಝೆಪೆಲಿನ್, 1980ರಲ್ಲೇ ಅಂಗಡಿ ಮುಚ್ಚಿತು. ಈಗ ನಮ್ಮ ಹಾಲಿನಲ್ಲಿ ಕಿರುಚುತ್ತಿದ್ದವನು ಜಾಶ್ ಕಿಸ್ಕಾ. ಹುಟ್ಟಿದ್ದೇ 1996ರಲ್ಲಿ. ಬ್ಯಾಂಡಿನ ಹೆಸರು ಗ್ರೆಟಾ ವ್ಯಾನ್ ಫ್ಲೀಟ್, ಇದು ಅವರ ಮೊದಲ ಪೂರ್ತಿ ಆಲ್ಬಮ್ಮು, 'ಆಂಥೆಮ್ ಆಫ್ ದಿ ಪೀಸ್‌ಫುಲ್ ಆರ್ಮಿ'. ಆ ಹಳೇ ಕ್ಯಾಸೆಟ್ಟುಗಳನ್ನು ಬೇಡ ಬೇಡ ಅಂದರೂ ವರ್ಷಗಟ್ಟಲೆ ಕೇಳಿಸಿಕೊಂಡ ಕಿವಿಗೇ ವ್ಯತ್ಯಾಸ ಗೊತ್ತಾಗಲಿಲ್ಲ ಅಂದಮೇಲೆ ಇನ್ನೇನು ವಿಮರ್ಶೆ, ನಕಲು ಅಂತ ಒಂದು ಪದ ಬರೆದು ಎದ್ದು ಹೋಗಬಹುದು. ತುಂಬಾ ಜನ ಹಾಗೇ ಮಾಡಿದ್ದಾರೆ. ನನಗೆ ಅದು ಆಗಲಿಲ್ಲ. ಯಾಕೆ ಅಂತ ಹೇಳುವುದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ, ಪುರುಸೊತ್ತಿದ್ದವರು ಓದಿ.

ಮೊದಲೇ ಒಂದು ಮಾತು. ಇದು 2018ರ ಅಕ್ಟೋಬರ್‌ನಲ್ಲಿ ಬಂದ ಆಲ್ಬಮ್ಮು. ಇದನ್ನು ಹೊಸದು ಅನ್ನುತ್ತೀರಲ್ಲ ಅಂತ ಅಣ್ಣನ ಮಗ ನಕ್ಕ. ನಮ್ಮ ವಯಸ್ಸಿನವರಿಗೆ 1980 ಆದಮೇಲೆ ಬಂದದ್ದೆಲ್ಲ ಹೊಸದೇ ಕಣಪ್ಪ.

ಹುಡುಗರ ಊರು ಅಮೆರಿಕದ ಮಿಶಿಗನ್ ರಾಜ್ಯದ ಫ್ರಾಂಕನ್‌ಮೂತ್. ಸುಮಾರು 5 ಸಾವಿರ ಜನರ ಊರು. ಜರ್ಮನಿಯಿಂದ ಬಂದವರು ಕಟ್ಟಿದ್ದು. ಈಗಲೂ ಜರ್ಮನ್ ಶೈಲಿಯ ಮನೆಗಳನ್ನು ನೋಡಲು, ಅಲ್ಲಿನ ಕೋಳಿ ಊಟ ಮಾಡಲು ಜನ ಹೋಗುತ್ತಾರೆ. ನಮ್ಮಲ್ಲಿ ಬಿಡದಿ ಅಂದರೆ ತಟ್ಟೆ ಇಡ್ಲಿ, ಮದ್ದೂರು ಅಂದರೆ ವಡೆ ಅನ್ನುತ್ತೇವಲ್ಲ, ಆ ಥರ. ಅಂಥ ಊರಿನಲ್ಲಿ ಮೂವರು ಅಣ್ಣ ತಮ್ಮಂದಿರು, ಜೊತೆಗೆ ಒಬ್ಬ ಗೆಳೆಯ. ಜಾಶ್ ಹಾಡುತ್ತಾನೆ. ಅವನ ಜೊತೆ ಅವಳಿಯಾಗಿ ಹುಟ್ಟಿದ ಜೇಕ್ ಗಿಟಾರ್. ತಮ್ಮ ಸ್ಯಾಮ್ ತಗ್ಗು ಸ್ವರದ ಬೇಸ್ ಗಿಟಾರ್ ಮತ್ತು ಕೀಬೋರ್ಡು ಎರಡೂ. ಡ್ಯಾನಿ ವ್ಯಾಗ್ನರ್ ಡ್ರಮ್ಸು. ಊರಿನ ಹಿರಿಯ ಹೆಂಗಸೊಬ್ಬರ ಹೆಸರಿನಲ್ಲಿ ಒಂದಕ್ಷರ ತೆಗೆದು ಬ್ಯಾಂಡಿಗೆ ಇಟ್ಟುಕೊಂಡರು. ಆಲ್ಬಮ್ಮು ಬಂದಾಗ ಅವಳಿಗಳಿಗೆ 22, ಉಳಿದಿಬ್ಬರಿಗೆ 19.

ಈಗ ನಮ್ಮ ಕಡೆಯ ಕಥೆಗೆ ಬರುತ್ತೇನೆ. ಅದಿಲ್ಲದೆ ನನ್ನ ಮಾರ್ಕ್ಸು ನಿಮಗೆ ಅರ್ಥ ಆಗುವುದಿಲ್ಲ.

ಹನುಮಂತನಗರದಲ್ಲಿ ಗಣೇಶನ ಹಬ್ಬ ಅಂದರೆ ಆರ್ಕೆಸ್ಟ್ರಾ. ಆರ್ಕೆಸ್ಟ್ರಾ ಅಂದರೆ ಜೂನಿಯರ್‌ಗಳು. ಜೂನಿಯರ್ ರಾಜ್‌ಕುಮಾರ್, ಜೂನಿಯರ್ ವಿಷ್ಣುವರ್ಧನ್, ಜೂನಿಯರ್ ಶಂಕರ್‌ನಾಗ್. ಬಿಳಿ ಪಂಚೆ, ಬಿಳಿ ಶರಟು ಹಾಕಿಕೊಂಡು ಜೂನಿಯರ್ ಅಣ್ಣಾವ್ರು ಎರಡೂ ಕೈ ಎತ್ತಿ ಅಭಿಮಾನಿ ದೇವರುಗಳೇ ಅಂದರೆ ಸಾಕು, ಶಿಳ್ಳೆ ನಿಲ್ಲುತ್ತಿರಲಿಲ್ಲ. ಅಲ್ಲಿ ಯಾರೂ ಆ ಮನುಷ್ಯನಿಗೆ ನೀನು ನಕಲು ಅಂತ ಬೈಯುತ್ತಿರಲಿಲ್ಲ. ನಕಲು ಮಾಡುವುದೇ ಅವನ ಕೆಲಸ, ಚೆನ್ನಾಗಿ ಮಾಡಿದರೆ ಜನ ನೂರರ ನೋಟನ್ನು ಅಂಗಿಗೆ ಪಿನ್ ಮಾಡುತ್ತಿದ್ದರು. ಆದರೆ ಒಂದು ವರ್ಷ ನಮ್ಮ ಬೀದಿಯ ಜೂನಿಯರ್ ತಾನೇ ಬರೆದ ಹಾಡೊಂದನ್ನು ಶುರು ಮಾಡಿದರು. ಅರ್ಧ ಜನ ಬಜ್ಜಿ ಅಂಗಡಿ ಕಡೆ ಹೊರಟರು. ಅವರು ಎರಡನೇ ಚರಣ ಹಾಡಲಿಲ್ಲ.

ಬೆಂಗಳೂರಿನ ರಾಕ್ ಕೂಡ ಆಗ ಬೇರೆ ಥರ ಏನೂ ಇರಲಿಲ್ಲ. ಭಾಷೆ ಇಂಗ್ಲಿಷು, ಪಂಚೆ ಬದಲು ಜೀನ್ಸು, ಅಷ್ಟೇ. ತೊಂಬತ್ತರ ದಶಕದ ಶುರುವಿನಲ್ಲಿ ನಾವು ನಾಲ್ಕು ಜನ ಕಾಲೇಜಿನಲ್ಲಿ ಬ್ಯಾಂಡು ಕಟ್ಟಿದ್ದೆವು. ನಾನು ಬೇಸ್. ಯಾರೂ ಬೇಡ ಅಂದ ವಾದ್ಯ ನನಗೆ ಬಂತು. ನಮ್ಮ ಗಿಟಾರಿಸ್ಟ್ ಹತ್ತಿರ ಇದ್ದದ್ದು ಅಮೆರಿಕದ ಹೆಸರಾಂತ ಗಿಬ್ಸನ್ ಗಿಟಾರ್ ಅಲ್ಲ, ಗಿವ್ಸನ್. ಕೋಲ್ಕತ್ತದ್ದು. ಅಂದರೆ ಗಿಟಾರೂ ಜೂನಿಯರ್ರೇ. ಹಾಡುವವನು ಸ್ಟೇಜಿಗೆ ಹತ್ತುವ ಮುಂಚೆ ಕಲ್ಲುಸಕ್ಕರೆ ಜೊತೆ ಕಾಳುಮೆಣಸು ಜಗಿಯುತ್ತಿದ್ದ, ಪ್ಲಾಂಟ್ ಏರಿದ ಎತ್ತರಕ್ಕೆ ಇವನೂ ಏರಬೇಕಿತ್ತಲ್ಲ. ಕಾಲೇಜು ಫೆಸ್ಟುಗಳಲ್ಲಿ ನಮಗೆ ಸಿಗಬಹುದಾದ ದೊಡ್ಡ ಹೊಗಳಿಕೆ ಒಂದೇ. "ಮಗಾ, ಡಿಟ್ಟೋ!" ಆ ಡಿಟ್ಟೋ ಕೇಳುವುದಕ್ಕೆ ನಾವು ಕ್ಯಾಸೆಟ್ಟನ್ನು ಹಿಂದೆ ಮುಂದೆ ಓಡಿಸಿ ಓಡಿಸಿ ಟೇಪು ಸುಕ್ಕಾಗುವ ತನಕ ಪ್ರಾಕ್ಟೀಸ್ ಮಾಡಿದ್ದೇವೆ. ಬ್ರಿಗೇಡ್ ರೋಡ್ ಹತ್ತಿರದ ಒಂದು ಪಬ್ಬಿನಲ್ಲಿ ಒಮ್ಮೆ ಸ್ವಂತ ಹಾಡು ಬಾರಿಸೋಣ ಅಂತ ಕೇಳಿದ್ದಕ್ಕೆ ಮ್ಯಾನೇಜರ್, "ಅದನ್ನ ನಿಮ್ಮನೇಲಿ ಬಾರಿಸ್ಕೊಳ್ಳಿ" ಅಂದರು. ನಾವು ಮನೆಯಲ್ಲೂ ಬಾರಿಸಲಿಲ್ಲ. ಹಾಡು ಬರೆದೇ ಇರಲಿಲ್ಲ, ಕೇಳಿದ್ದು ಸುಮ್ನೆ ಧೈರ್ಯಕ್ಕೆ.

ಆಮೇಲೆ ಊರು ಬದಲಾಯಿತು, ಅದನ್ನೂ ಹೇಳಬೇಕು. 1996ರಲ್ಲಿ ಶುರುವಾದ ಥರ್ಮಲ್ ಅಂಡ್ ಎ ಕ್ವಾರ್ಟರ್ ಅನ್ನುವ ಬ್ಯಾಂಡು ಸ್ವಂತ ಹಾಡುಗಳನ್ನೇ ಹಿಡಿದುಕೊಂಡು ನಿಂತಿತು. ಸ್ವರಾತ್ಮ ಬ್ಯಾಂಡಿನವರು ಕನ್ನಡದಲ್ಲೂ ಹಾಡಿದರು. ರಘು ದೀಕ್ಷಿತ್ ಶಿಶುನಾಳ ಶರೀಫರನ್ನು ಗಿಟಾರಿನ ಮೇಲೆ ಕೂರಿಸಿದರು. ಹಾಗಂತ ಡಿಟ್ಟೋ ಚಪಲ ಪೂರ್ತಿ ಹೋಗಿಲ್ಲ. 2003ರಲ್ಲಿ ರೋಲಿಂಗ್ ಸ್ಟೋನ್ಸ್, 2007ರಲ್ಲಿ ಐರನ್ ಮೇಡನ್, 2011ರಲ್ಲಿ ಮೆಟಾಲಿಕಾ, ಎಲ್ಲವನ್ನೂ ಅರಮನೆ ಮೈದಾನದ ಧೂಳಿನಲ್ಲಿ ನಿಂತು ನೋಡಿದ ಜನ ನಾವು. ಝೆಪೆಲಿನ್ ಮಾತ್ರ ಬರಲಿಲ್ಲ, ಬರುವ ಹಾಗೂ ಇರಲಿಲ್ಲ. ಅವರ ಗಿಟಾರಿಸ್ಟ್ ಜಿಮ್ಮಿ ಪೇಜ್ ಮತ್ತು ಪ್ಲಾಂಟ್ 1972ರಲ್ಲಿ ಬಾಂಬೆಗೆ ಬಂದು ಅಲ್ಲಿನ ಸಂಗೀತಗಾರರ ಜೊತೆ ತಮ್ಮ ಎರಡು ಹಾಡು ರೆಕಾರ್ಡ್ ಮಾಡಿಕೊಂಡು ಹೋದರು. ಅಷ್ಟು ಹತ್ತಿರ ಬಂದು ಹೋದರಲ್ಲ ಅನ್ನೋದು ನಮ್ಮ ಗಿಟಾರಿಸ್ಟಿಗೆ ಇವತ್ತಿಗೂ ಹೊಟ್ಟೆಯುರಿ, ಅವನು ಹುಟ್ಟಿದ್ದು ಅದೇ ವರ್ಷ.

ಹೀಗಾಗಿ ಗ್ರೆಟಾ ಹುಡುಗರನ್ನು ಜಗತ್ತೆಲ್ಲ ಝೆಪೆಲಿನ್ ಡಿಟ್ಟೋ ಅಂತ ಬೈಯುವಾಗ ನನಗೆ ಅದು ಮೊದಲು ಹೊಗಳಿಕೆಯಾಗಿ ಕೇಳಿಸುತ್ತದೆ. ಆಮೇಲೆ ನೋವಾಗುತ್ತದೆ.

ಬೈಗುಳ ಸಣ್ಣದೇನಲ್ಲ. ಪಿಚ್‌ಫೋರ್ಕ್ ಅನ್ನುವ ಅಮೆರಿಕದ ಸಂಗೀತ ಪತ್ರಿಕೆ ಈ ಆಲ್ಬಮ್ಮಿಗೆ 10ಕ್ಕೆ 1.6 ಕೊಟ್ಟಿತು. ಎಸ್ಸೆಸ್ಸೆಲ್ಸಿ ಗಣಿತದಲ್ಲಿ 100ಕ್ಕೆ 16 ಬಂದ ಹಾಗೆ. ಇತ್ತ ಅದೇ ಆಲ್ಬಮ್ಮು ಅಮೆರಿಕದ ಜನಪ್ರಿಯ ಆಲ್ಬಮ್ಮುಗಳ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಬಂದ ವಾರವೇ 3ನೇ ಜಾಗಕ್ಕೆ ಹೋಯಿತು. ಇದಕ್ಕಿಂತ ಮುಂಚೆ ಅವರು ತಂದಿದ್ದ 'ಫ್ರಮ್ ದಿ ಫೈರ್ಸ್' ಅನ್ನುವ ಪುಟ್ಟ ಸಂಗ್ರಹಕ್ಕೆ 2019ರಲ್ಲಿ ಅತ್ಯುತ್ತಮ ರಾಕ್ ಆಲ್ಬಮ್ ಗ್ರ್ಯಾಮಿ ಬಂತು. ಪ್ಲಾಂಟ್ ತಾನೇ ಒಂದು ಸಂದರ್ಶನದಲ್ಲಿ ಇವರನ್ನು ಝೆಪೆಲಿನ್‌ನ ಮೊದಲ ಆಲ್ಬಮ್ಮಿಗೆ ಹೋಲಿಸಿ ನಕ್ಕ. ಒಂದೇ ಪರೀಕ್ಷೆಗೆ ಒಬ್ಬರು ಫೇಲು, ಒಬ್ಬರು ರ‍್ಯಾಂಕು. ಇಬ್ಬರೂ ಪೇಪರನ್ನು ಪೂರ್ತಿ ನೋಡಿಲ್ಲ ಅಂತ ನನ್ನ ಗುಮಾನಿ.

ಹಾಡುಗಳಿಗೆ ಬರೋಣ.

ಶುರುವಾಗುವುದು 'ಏಜ್ ಆಫ್ ಮ್ಯಾನ್'. ಆರು ನಿಮಿಷ. ಮೊದಲು ಕೀಬೋರ್ಡಿನ ಮಂಜು, ಅದರೊಳಗಿಂದ ಜಾಶ್‌ನ ದನಿ ನಿಧಾನಕ್ಕೆ ಎದ್ದು ಬರುತ್ತದೆ, ನಂದಿ ಬೆಟ್ಟದಲ್ಲಿ ಬೆಳಗಿನ ಜಾವ ಕಾಯುತ್ತಾ ನಿಂತಾಗ ಮೋಡದ ನಡುವೆ ಮೊದಲು ಒಂದು ಬಂಡೆ ಕಾಣಿಸಿ ಆಮೇಲೆ ಪೂರ್ತಿ ಬೆಟ್ಟ ಕಾಣಿಸುತ್ತಲ್ಲ ಹಾಗೆ. ಡ್ರಮ್ಸು ಬಂದು ಕೂತಾಗ ನಾನು ಕುರ್ಚಿಯಲ್ಲಿ ನೆಟ್ಟಗಾದೆ. ಧೈರ್ಯದ ಶುರು. ಮೊದಲ ಆಲ್ಬಮ್ಮಿನ ಮೊದಲ ಹಾಡನ್ನು ಇಷ್ಟು ನಿಧಾನಕ್ಕೆ ಬಿಚ್ಚುವುದಕ್ಕೆ ತಾಳ್ಮೆ ಬೇಕು, 20 ಚಿಲ್ಲರೆ ವಯಸ್ಸಿನಲ್ಲಿ ನಮಗಂತೂ ಅದು ಇರಲಿಲ್ಲ. ಇದರಲ್ಲಿ ಝೆಪೆಲಿನ್ ಇದೆ, ಆದರೆ ಕೆನಡಾದ ರಷ್ ಬ್ಯಾಂಡೂ ಇದೆ. ಆ ಬೆರಕೆ ಇವರಿಗೆ ಒಪ್ಪುತ್ತದೆ.

'ದಿ ಕೋಲ್ಡ್ ವಿಂಡ್' ಮತ್ತು 'ವೆನ್ ದಿ ಕರ್ಟನ್ ಫಾಲ್ಸ್' ಒಂದರ ಹಿಂದೆ ಒಂದು ಬರುತ್ತವೆ. ಹೆಂಡತಿ ಪ್ರಶ್ನೆ ಕೇಳಿದ್ದು ಇಲ್ಲೇ. ಎರಡನೆಯದರ ರಿಫ್, ಅಂದರೆ ಮತ್ತೆ ಮತ್ತೆ ಬರುವ ಗಿಟಾರಿನ ತುಣುಕು, ಚೆನ್ನಾಗಿದೆ, ಸುಳ್ಳು ಹೇಳುವುದಿಲ್ಲ. ಜೇಕ್ ಬಾರಿಸುವುದು 1961ರ ಗಿಬ್ಸನ್ ಎಸ್‌ಜಿ, ಪೇಜ್‌ನ ಹೆಸರಿಗೆ ಅಂಟಿಕೊಂಡ ದಪ್ಪ ಲೆಸ್ ಪಾಲ್ ಗಿಟಾರ್ ಅಲ್ಲ. ಅದಕ್ಕೇ ಇವನ ಸದ್ದಿನಲ್ಲಿ ಸ್ವಲ್ಪ ಮೂಗುಬ್ಬಿದ ಚುರುಕು ಇದೆ. ಗಿಟಾರ್ ಬಲ್ಲವರಿಗೆ ಅದು ಸಿಗುತ್ತದೆ. ಆದರೆ ಅದರ ಮೇಲೆ ಜಾಶ್ ಪ್ಲಾಂಟ್‌ನ ಹಾಗೆ ಊಳಿಟ್ಟು, ಪ್ಲಾಂಟ್ ಉಸಿರು ಎಳೆದುಕೊಂಡ ಜಾಗದಲ್ಲೇ ಉಸಿರು ಎಳೆದುಕೊಂಡು, ಪದದ ಕೊನೆಯನ್ನು ಪ್ಲಾಂಟ್ ತಿರುಗಿಸಿದ ಕಡೆಗೇ ತಿರುಗಿಸಿದರೆ ಜೇಕ್‌ನ ಚುರುಕು ಯಾರಿಗೆ ಕೇಳಬೇಕು? ಗಂಟಲು ದೇವರು ಕೊಟ್ಟದ್ದು, ಅದಕ್ಕೆ ಅವನನ್ನು ಬೈಯುವುದು ತಪ್ಪು. ಉಸಿರು ಎಲ್ಲಿ ತೆಗೆದುಕೊಳ್ಳಬೇಕು ಅನ್ನುವುದು ದೇವರು ಕೊಟ್ಟದ್ದಲ್ಲವಲ್ಲ.

'ವಾಚಿಂಗ್ ಓವರ್' ನನಗೆ ಹಿಡಿಸಿತು. ಭೂಮಿಯನ್ನು ನಾವು ಹಾಳು ಮಾಡುತ್ತಿದ್ದೇವೆ ಅನ್ನುವ ದೂರು. ತೂಗಾಡುತ್ತಾ ನಡೆಯುತ್ತದೆ, ಆತುರ ಇಲ್ಲ. ಅದಾದಮೇಲೆ 'ಲವರ್, ಲೀವರ್'. ಇದು ಬರೀ ಗದ್ದಲ. ಮೊಬೈಲಿನಲ್ಲಿ ನಾನು ಕೇಳಿದ ಆವೃತ್ತಿಯಲ್ಲಿ ಕೊನೆಯಲ್ಲಿ ಇದೇ ಹಾಡು ಇನ್ನೊಮ್ಮೆ ಬರುತ್ತದೆ, ಆರು ನಿಮಿಷಕ್ಕೆ ಎಳೆದು. ಊಟ ಮುಗಿಸಿ ಕೈ ತೊಳೆದವನ ಎಲೆಗೆ ಮತ್ತೆ ಅನ್ನ ಹಾಕಿದ ಹಾಗೆ.

ಆರನೆಯದು 'ಯೂ ಆರ್ ದಿ ಒನ್'. ಇಲ್ಲಿ ಸ್ವಲ್ಪ ನಿಲ್ಲಬೇಕು. ಅಕೌಸ್ಟಿಕ್ ಗಿಟಾರು, ಹಿಂದೆ ಆರ್ಗನ್ನು, ಹುಡುಗಿಗೆ ಹೇಳುವ ಮಾತು. ಝೆಪೆಲಿನ್‌ನ ಮೊದಲ ಆಲ್ಬಮ್ಮು ಮನೆಯಲ್ಲಿ ಇರುವವರು ಈ ಹಾಡು ಮುಗಿದ ತಕ್ಷಣ ಅದರಲ್ಲಿನ 'ಯುವರ್ ಟೈಮ್ ಈಸ್ ಗಾನಾ ಕಮ್' ಹಾಕಿ ನೋಡಿ. ಅಲ್ಲೂ ಆರ್ಗನ್ನು, ಝೆಪೆಲಿನ್‌ನಲ್ಲಿ ಬೇಸ್ ಬಾರಿಸುತ್ತಿದ್ದ ಜಾನ್ ಪಾಲ್ ಜೋನ್ಸ್‌ದು. ಪೂರ್ತಿ ಒಂದೇ ಅಲ್ಲ. ಆದರೆ ಪಕ್ಕದ ಮನೆಯವರು ನಮ್ಮ ಮನೆಯ ಪ್ಲಾನನ್ನೇ ತೆಗೆದುಕೊಂಡು, ಬಾಗಿಲನ್ನು ಮಾತ್ರ ಪೂರ್ವಕ್ಕೆ ಇಟ್ಟು ಕಟ್ಟಿದ ಹಾಗಿದೆ. ವಿಚಿತ್ರ ಏನೆಂದರೆ ಆಲ್ಬಮ್ಮಿನಲ್ಲಿ ಬಾಯಲ್ಲಿ ಉಳಿಯುವ ರಾಗ ಇದರದ್ದೇ. ಎರಡು ದಿನ ಸ್ನಾನ ಮಾಡುವಾಗಲೆಲ್ಲ ಗುನುಗಿದೆ. ಗುನುಗುತ್ತಾ ಗುನುಗುತ್ತಾ ನಡುವೆ ಅದೇ ಹಳೇ ಹಾಡಿಗೆ ಜಾರಿಬಿಡುತ್ತಿದ್ದೆ.

'ದಿ ನ್ಯೂ ಡೇ' ಹಗುರ, ಬಿಸಿಲಿನ ಹಾಡು. 'ಮೌಂಟನ್ ಆಫ್ ದಿ ಸನ್' ಸ್ಲೈಡ್ ಗಿಟಾರಿನಿಂದ ಶುರುವಾಗುತ್ತದೆ, ಶುರುವೇ ಚೆಂದ. 'ಬ್ರೇವ್ ನ್ಯೂ ವರ್ಲ್ಡ್' ಕತ್ತಲೆಯ ಹಾಡು. ಇಲ್ಲಿ ಮಾತ್ರ ನಾಲ್ವರೂ ಯಾರನ್ನೂ ನೋಡದೆ ಬಾರಿಸುತ್ತಿದ್ದಾರೆ ಅನ್ನಿಸಿತು. 'ಆಂಥೆಮ್' ಅಂತ ಹೆಸರಿಟ್ಟ ಹಾಡು ಎಲ್ಲರೂ ಕೈ ಕೈ ಹಿಡಿದು ಹಾಡುವ ಥರದ್ದು. ನನಗೆ ಸಪ್ಪೆ.

ಸಾಹಿತ್ಯದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಸೂರ್ಯ, ಪರ್ವತ, ಗಾಳಿ, ಶಾಂತಿ, ಮನುಕುಲ. ಹಂಪಿಗೆ ಹೋಗಿ ಎರಡು ವಾರ ಕೂತು ಬಂದ ಹುಡುಗನ ಡೈರಿಯ ಹಾಗಿದೆ. ಕೆಟ್ಟದ್ದಲ್ಲ, ಎಳೆಯದು.

ಈಗ ಬೈಯುವವರಿಗೆ ನನ್ನ ಜಗಳ. ನಕಲು ನಕಲು ಅನ್ನುತ್ತೀರಲ್ಲ, ಝೆಪೆಲಿನ್ ಏನು ಆಕಾಶದಿಂದ ಇಳಿಯಿತೇ? ಅವರ ಮೊದಲ ಆಲ್ಬಮ್ಮಿನಲ್ಲೇ ವಿಲ್ಲಿ ಡಿಕ್ಸನ್ ಅನ್ನುವ ಶಿಕಾಗೋದ ಬ್ಲೂಸ್ (ಅಮೆರಿಕದ ಕಪ್ಪು ಜನರ ಹಾಡಿನ ಪರಂಪರೆ) ಕವಿಯ ಹಾಡುಗಳಿವೆ. ಅದಕ್ಕಾದರೂ ಹೆಸರು ಹಾಕಿದ್ದರು. ಎರಡನೇ ಆಲ್ಬಮ್ಮಿನ 'ಹೋಲ್ ಲಾಟಾ ಲವ್'ಗೆ ಅದನ್ನೂ ಹಾಕಲಿಲ್ಲ. ಡಿಕ್ಸನ್ 1985ರಲ್ಲಿ ಕೋರ್ಟಿಗೆ ಹೋದರು, 1987ರಲ್ಲಿ ರಾಜಿಯಾಯಿತು. ಅಂದರೆ ನಮ್ಮ ಸೀನಿಯರ್‌ಗಳೂ ಒಂದು ಕಾಲದ ಜೂನಿಯರ್‌ಗಳೇ. 1969ರ ಜನವರಿಯಲ್ಲಿ ಬಂದ ಅವರ ಮೊದಲ ಆಲ್ಬಮ್ಮನ್ನು ರೋಲಿಂಗ್ ಸ್ಟೋನ್ ಪತ್ರಿಕೆ ಚೆನ್ನಾಗಿಯೇ ಉಗಿದಿತ್ತು. ಆ ವಿಮರ್ಶಕರ ಮಾತು ಕೇಳಿಕೊಂಡು ಅವರು ಮನೆಗೆ ಹೋಗಿದ್ದರೆ ನನ್ನ ಕಾಲೇಜು ದಿನಗಳಲ್ಲಿ ಏನೂ ಉಳಿಯುತ್ತಿರಲಿಲ್ಲ.

ಹೊಗಳುವವರ ಜೊತೆಗೂ ಜಗಳ ಇದೆ. ಚಿಕ್ಕ ಹುಡುಗರು ಬಿಡಿ, ಮುಂದೆ ಕಲಿಯುತ್ತಾರೆ ಅನ್ನುತ್ತಾರೆ. 1968ರ ಅಕ್ಟೋಬರ್‌ನಲ್ಲಿ ಲಂಡನ್ನಿನ ಒಲಿಂಪಿಕ್ ಸ್ಟುಡಿಯೋದಲ್ಲಿ ಕೂತಾಗ ಪ್ಲಾಂಟ್‌ಗೂ ಡ್ರಮ್ಮರ್ ಬಾನಮ್‌ಗೂ ವಯಸ್ಸು 20. ಜೋನ್ಸ್‌ಗೆ 22, ಪೇಜ್‌ಗೆ 24. ಸುಮಾರು 36 ಗಂಟೆಯ ಸ್ಟುಡಿಯೋ ಸಮಯದಲ್ಲಿ ಆಲ್ಬಮ್ಮು ಮುಗಿಸಿದರು. ವಯಸ್ಸು ನೆಪ ಆಗುವುದಿಲ್ಲ. ಬೇರೆ ಇದ್ದದ್ದು ಅನುಭವ. ಪೇಜ್ ಮತ್ತು ಜೋನ್ಸ್ ಅಷ್ಟು ಹೊತ್ತಿಗೆ ಲಂಡನ್ ಸ್ಟುಡಿಯೋಗಳಲ್ಲಿ ಸಿಕ್ಕ ಸಿಕ್ಕವರ ಹಾಡಿಗೆಲ್ಲ ಕೂಲಿಗೆ ಬಾರಿಸಿದ್ದರು. ಪಾಪ್, ಜಾಹೀರಾತು, ಏನು ಕೊಟ್ಟರೆ ಅದು. ಪೇಜ್‌ಗೆ ಇಂಗ್ಲೆಂಡಿನ ಜಾನಪದ ಗೊತ್ತಿತ್ತು, ಬ್ಲೂಸ್ ಗೊತ್ತಿತ್ತು, ಸಿತಾರ್ ಕೂಡ ತರಿಸಿಟ್ಟುಕೊಂಡಿದ್ದ. ಹತ್ತು ಮನೆಯ ಅಡುಗೆ ಉಂಡವನು ಮಾಡಿದ ಅಡುಗೆ ಅದು.

ಗ್ರೆಟಾ ಹುಡುಗರು ಮಾಡಿರುವುದು ಬೇರೆ. ಒಬ್ಬರ ಮನೆಯ ಸಾರು ಉಂಡು, ಬಾಯಿ ಚಪ್ಪರಿಸಿ, ನಾಲಿಗೆಯ ನೆನಪಿನಿಂದಲೇ ಅದೇ ಸಾರು ಮಾಡಿದ್ದಾರೆ. ರುಚಿ ಹತ್ತಿರ ಹತ್ತಿರ ಬಂದಿದೆ, ಅದೇನು ಸಣ್ಣ ಮಾತಲ್ಲ. ಆದರೆ ಸಾರಿನ ಪುಡಿಯಲ್ಲಿ ಏನೇನು ಹುರಿದು ಹಾಕಿದ್ದಾರೆ ಅಂತ ಗೊತ್ತಿದ್ದವರು ನಾಳೆ ಅದರಿಂದ ಬೇರೆ ಏನಾದರೂ ಮಾಡಬಲ್ಲರು. ಇವರು ಮತ್ತೆ ಅದೇ ಸಾರು ಮಾಡುತ್ತಾರೆ. ಅಪ್ಪನ ಹತ್ತಿರ ಬ್ಲೂಸ್ ರೆಕಾರ್ಡುಗಳಿದ್ದವು, ಅದನ್ನೇ ಕೇಳಿ ಬೆಳೆದೆವು ಅಂತ ಅವರೇ ಹೇಳಿಕೊಂಡಿದ್ದಾರೆ. ಇರಬಹುದು. ಆಲ್ಬಮ್ಮಿನಲ್ಲಿ ಆ ರೆಕಾರ್ಡುಗಳು ಯಾಕೋ ಕಡಿಮೆ ಕೇಳಿಸುತ್ತವೆ.

ನಮ್ಮ ಬ್ಯಾಂಡಿನ ರೋಗವೂ ಇದೇ ಆಗಿತ್ತು. ನಾವು ಝೆಪೆಲಿನ್ ಕೇಳಿದೆವು, ಡಿಕ್ಸನ್ ಕೇಳಲಿಲ್ಲ. ಕೇಳೋಣ ಅಂದರೆ ಆಗ ಕ್ಯಾಸೆಟ್ಟು ಸಿಗುತ್ತಿರಲಿಲ್ಲ ಅನ್ನುವುದು ಅರ್ಧ ನಿಜ. ಹುಡುಕಲೂ ಇಲ್ಲ ಅನ್ನುವುದು ಇನ್ನರ್ಧ.

ಸದ್ದಿನ ಬಗ್ಗೆ ಒಂದು ತಕರಾರು. ಝೆಪೆಲಿನ್‌ನ ಡ್ರಮ್ಸು ಅಷ್ಟು ದೊಡ್ಡದಾಗಿ ಕೇಳುವುದಕ್ಕೆ ಬಾನಮ್‌ನ ತೋಳೊಂದೇ ಕಾರಣ ಅಲ್ಲ. ಪೇಜ್ ಮೈಕುಗಳನ್ನು ಡ್ರಮ್ಮಿನಿಂದ ದೂರ ಇಡಿಸುತ್ತಿದ್ದ, ಕೋಣೆಯೂ ರೆಕಾರ್ಡ್ ಆಗಲಿ ಅಂತ. ನಾಲ್ಕನೇ ಆಲ್ಬಮ್ಮಿನ 'ವೆನ್ ದಿ ಲೆವೀ ಬ್ರೇಕ್ಸ್' ಹಾಡಿಗೆ ಹೆಡ್ಲಿ ಗ್ರೇಂಜ್ ಅನ್ನುವ ಹಳೇ ಬಂಗಲೆಯ ಹಜಾರದಲ್ಲಿ ಡ್ರಮ್ಸು ಇಟ್ಟು, ಮೈಕುಗಳನ್ನು ಮೇಲೆ ಮೆಟ್ಟಿಲಿನಿಂದ ಇಳಿಬಿಟ್ಟಿದ್ದರು. ಖಾಲಿ ಕಲ್ಯಾಣ ಮಂಟಪದಲ್ಲಿ ಡೋಲು ಬಡಿದರೆ ಗೋಡೆ ತಿರುಗಿ ಬಡಿಯುತ್ತಲ್ಲ, ಅದು. ಈ ಆಲ್ಬಮ್ಮಿನಲ್ಲಿ ಡ್ಯಾನಿ ಚೆನ್ನಾಗಿಯೇ ಬಡಿಯುತ್ತಾನೆ, ಆದರೆ ಗೋಡೆ ಉತ್ತರ ಕೊಡುವುದಿಲ್ಲ. ಎಲ್ಲ ವಾದ್ಯಗಳೂ ಮುಂದಕ್ಕೆ ಬಂದು ಒಟ್ಟಿಗೆ ನಿಂತಿವೆ, ಬಿಎಂಟಿಸಿ ಬಸ್ಸಿನ ಫುಟ್‌ಬೋರ್ಡಿನಲ್ಲಿ ನಿಂತ ಹಾಗೆ. ಒಳಗೆ ಜಾಗ ಖಾಲಿ ಇದೆ. ಯಾರೂ ಹೋಗುತ್ತಿಲ್ಲ. ಕ್ಲಾಸಿಕ್ ರಾಕ್ ಮಾಡುತ್ತೇವೆ ಅಂತ ಹೊರಟವರು ಹಾಡುವ ರೀತಿಯನ್ನು ಇಷ್ಟು ನಿಷ್ಠೆಯಿಂದ ತೆಗೆದುಕೊಂಡು, ಆ ಕಾಲದ ರೆಕಾರ್ಡುಗಳನ್ನು ಕ್ಲಾಸಿಕ್ ಮಾಡಿದ ಖಾಲಿ ಜಾಗವನ್ನೇ ಬಿಟ್ಟುಬಿಟ್ಟರಲ್ಲ.

ಸ್ಯಾಮ್‌ಗೆ ಮಾತ್ರ ನನ್ನ ಪೂರ್ತಿ ಮಾರ್ಕ್ಸು. ಬೇಸ್ ಬಾರಿಸಿದವನು ಬೇಸ್ ಬಾರಿಸುವವನನ್ನು ಹೊಗಳುತ್ತಿದ್ದಾನೆ ಅಂದುಕೊಳ್ಳಿ, ಪರವಾಗಿಲ್ಲ. ಅವನು ಗಿಟಾರಿನ ಹಿಂದೆ ಬಾಲದ ಹಾಗೆ ಹೋಗುವುದಿಲ್ಲ. 'ಏಜ್ ಆಫ್ ಮ್ಯಾನ್'ನಲ್ಲಿ ಹೆಡ್‌ಫೋನ್ ಹಾಕಿಕೊಂಡು ಬರೀ ಬೇಸ್ ಮೇಲೆ ಗಮನ ಇಟ್ಟು ಕೇಳಿ.

ಎಲ್‌ಪಿ ತರಿಸಿದ ಕಥೆ ಬೇರೆ. ಮೊಬೈಲಿನಲ್ಲಿ ಕೇಳಿ ತೀರ್ಪು ಕೊಡಬಾರದು ಅಂತ ಹಠಕ್ಕೆ ಬಿದ್ದು ಆನ್‌ಲೈನಿನಲ್ಲಿ ತರಿಸಿದೆ, ಎರಡೂವರೆ ಸಾವಿರದ ಮೇಲಾಯಿತು. ಕೊರಿಯರ್ ಹುಡುಗ ಅದನ್ನು ಗೇಟಿನ ಸರಳಿನ ಸಂದಿಯಲ್ಲಿ ತೂರಿಸಿ ಹೋಗಿದ್ದ. ಮೂಲೆ ಮಡಚಿತ್ತು. ಬದಲಾಯಿಸಿ ಕೊಡಿ ಅಂತ ಬರೆದರೆ, ರೆಕಾರ್ಡಿಗೆ ಏನೂ ಆಗಿಲ್ಲವಲ್ಲ ಸರ್ ಅಂತ ಉತ್ತರ. ಎಲ್‌ಪಿ ಕೊಳ್ಳುವವರು ಕವರಿಗೂ ಸೇರಿಸಿಯೇ ದುಡ್ಡು ಕೊಡುತ್ತಾರೆ ಅಂತ ಇವರಿಗೆ ಯಾರು ಹೇಳಬೇಕು. ನೀವು ತರಿಸುವುದಾದರೆ ಮನೆಯಲ್ಲಿ ಯಾರಾದರೂ ಇರುವ ದಿನ ನೋಡಿ ತರಿಸಿ. ರೆಕಾರ್ಡೇನೋ ಚೆನ್ನಾಗಿದೆ, ಮೊಬೈಲಿಗಿಂತ ಬೇಸ್ ಸ್ವಲ್ಪ ಬಿಚ್ಚಿಕೊಳ್ಳುತ್ತದೆ. ಡ್ರಮ್ಸಿನ ತಕರಾರು ಅಲ್ಲೂ ಹಾಗೇ ಉಳಿಯಿತು.

ದುಡ್ಡು ಖರ್ಚು ಮಾಡದೆ ಕೇಳುವವರಿಗೆ ಪೂರ್ತಿ ಆಲ್ಬಮ್ಮು 50 ನಿಮಿಷದೊಳಗೆ ಮುಗಿಯುತ್ತದೆ. ಸಂಜೆ ಆರಕ್ಕೆ ಸಿಲ್ಕ್ ಬೋರ್ಡಿನಿಂದ ಮಾರತ್ತಹಳ್ಳಿ ಕಡೆ ಹೊರಟರೆ ಆರಾಮಾಗಿ ಒಂದು ಸಲ ಕೇಳಬಹುದು, ಮಳೆ ಬಂದರೆ ಎರಡು ಸಲ. ಹಳದಿ ಲೈನ್ ಮೆಟ್ರೊದವರಿಗೆ ಕಷ್ಟ. ಆರ್.ವಿ. ರೋಡಿನಲ್ಲಿ ಶುರು ಮಾಡಿದರೆ 'ಬ್ರೇವ್ ನ್ಯೂ ವರ್ಲ್ಡ್' ಮುಗಿಯುವ ಮುಂಚೆಯೇ ಬೊಮ್ಮಸಂದ್ರ ಬಂದಿರುತ್ತದೆ, ಅದೇ ಕೇಳಬೇಕಾದ ಹಾಡು.

ಇನ್ನೊಬ್ಬರ ಅಭಿಪ್ರಾಯ ಬೇಕು ಅನ್ನಿಸಿ ನಮ್ಮ ಹಳೇ ಗಿಟಾರಿಸ್ಟಿಗೆ ಫೋನ್ ಮಾಡಿದೆ. ಅವನೀಗ ಜಯನಗರದಲ್ಲಿ ಲೆಕ್ಕಪತ್ರದ ಆಫೀಸು ಇಟ್ಟುಕೊಂಡಿದ್ದಾನೆ. ರಾತ್ರಿ ಪೂರ್ತಿ ಕೇಳಿ ಬೆಳಗ್ಗೆ ಮಾತಾಡಿದ.

"ಲೋ, ನಾವು ಇಷ್ಟು ಚೆನ್ನಾಗಿ ಬಾರಿಸ್ತಿರ್ಲಿಲ್ಲ ಕಣೋ."

"ಅದು ಗೊತ್ತು. ಆಲ್ಬಮ್ ಹೆಂಗಿದೆ ಹೇಳು."

"ಅದನ್ನೇ ಹೇಳ್ತಿದೀನಿ. ನಮಗಿಂತ ಚೆನ್ನಾಗಿದೆ. ನಮ್ಮ ಥರಾನೇ ಇದೆ."

ಇದಕ್ಕಿಂತ ಸರಿಯಾಗಿ ನನಗೆ ಹೇಳಲು ಬರಲಿಲ್ಲ.

ಅಣ್ಣನ ಮಗನಿಗೆ 19 ವರ್ಷ, ಇಂಜಿನಿಯರಿಂಗ್ ಓದುತ್ತಿದ್ದಾನೆ. ಝೆಪೆಲಿನ್ ಅಂದರೆ ಟೀ ಶರ್ಟಿನ ಮೇಲಿನ ಚಿತ್ರ ಅಂತಷ್ಟೇ ಗೊತ್ತಿದ್ದವನು. ಅವನಿಗೆ ಮೊದಲು ಗ್ರೆಟಾ ಕೇಳಿಸಿದೆ, ಬೇಕೆಂದೇ. ಕಣ್ಣು ಬಿಟ್ಟುಕೊಂಡು ಪೂರ್ತಿ ಕೇಳಿದ. ನಮ್ಮ ಹಾಲಿನಲ್ಲಿ ಗಾಳಿಯಲ್ಲೇ ಗಿಟಾರ್ ಬಾರಿಸುತ್ತಾ ಓಡಾಡಿದ. ಆ ವಯಸ್ಸಿನಲ್ಲಿ ನನಗೆ ಆಗಿದ್ದೇ ಅವನಿಗೂ ಆಯಿತು, ಕಣ್ಣಾರೆ ನೋಡಿದೆ. 1.6 ಕೊಟ್ಟವರು ಇದನ್ನು ಎಲ್ಲಿ ಲೆಕ್ಕಕ್ಕೆ ಹಿಡಿಯುತ್ತಾರೆ? ವಾರ ಬಿಟ್ಟು ಝೆಪೆಲಿನ್‌ನ ಮೊದಲ ಆಲ್ಬಮ್ಮು ಕೈಗೆ ಕೊಟ್ಟೆ. ಮರುದಿನ ಫೋನು. "ಚಿಕ್ಕಪ್ಪಾ, ಚೆನ್ನಾಗಿದೆ. ಆದ್ರೆ ಇವರು ಗ್ರೆಟಾ ಥರಾನೇ ಹಾಡ್ತಾರಲ್ಲ?"

ಐದು ನಿಮಿಷ ಮಾತಾಡಲಿಲ್ಲ ನಾನು.

ಆಮೇಲೆ ಬಂದ ಆಲ್ಬಮ್ಮುಗಳು ಎರಡು ನನಗೆ ಗೊತ್ತು, 2021ರದ್ದೊಂದು, 2023ರದ್ದೊಂದು. 2021ರದ್ದು ದೊಡ್ಡ ದೊಡ್ಡ ಹಾಡುಗಳ ಕಡೆ ವಾಲಿದೆ, ಉದ್ದ ಜಾಸ್ತಿ, ಝೆಪೆಲಿನ್ ಸ್ವಲ್ಪ ಕಡಿಮೆ. ಅವುಗಳ ಬಗ್ಗೆ ಬರೆಯುವಷ್ಟು ಸಲ ಇನ್ನೂ ಕೇಳಿಲ್ಲ.

ಮಾರ್ಕ್ಸು 10ಕ್ಕೆ 6. 'ಏಜ್ ಆಫ್ ಮ್ಯಾನ್' ಮತ್ತು 'ಬ್ರೇವ್ ನ್ಯೂ ವರ್ಲ್ಡ್' ಇಲ್ಲದಿದ್ದರೆ 4 ಕೊಡುತ್ತಿದ್ದೆ. ಝೆಪೆಲಿನ್ ಕೇಳಿಯೇ ಇಲ್ಲದವರು ಧೈರ್ಯವಾಗಿ ಕೇಳಿ, ನಿಮಗೆ 8ರ ಆಲ್ಬಮ್ಮು. ನನ್ನ ಥರದವರು ಮೊದಲು ಆ ಎರಡು ಹಾಡು, ಆಮೇಲೆ 'ವಾಚಿಂಗ್ ಓವರ್' ಕೇಳಿ. ಹಿಡಿಸಿದರೆ ಮಾತ್ರ ಉಳಿದದ್ದು. ಎಲ್‌ಪಿಗೆ ಎರಡೂವರೆ ಸಾವಿರ ಕೊಡಬೇಕಾ ಅಂದರೆ ಬೇಡ ಅನ್ನುತ್ತೇನೆ. ನನ್ನದನ್ನು ಮಾರುತ್ತೀರಾ ಅಂತ ಗಿಟಾರಿಸ್ಟ್ ಆಗಲೇ ಕೇಳಿದ್ದಾನೆ, ಮೂಲೆ ಮಡಚಿದೆ ಅಂತ ಐನೂರು ಕಡಿಮೆಗೆ. ಕೊಟ್ಟಿಲ್ಲ. ಭಾನುವಾರ ಹೆಂಡತಿ ಚಪಾತಿ ಲಟ್ಟಿಸುತ್ತಾ, ಆ ಆರ್ಗನ್ನಿನ ಹಾಡು ಹಾಕಿ ಅಂದಳು. ಹೊಸಬರದ್ದೋ ಹಳಬರದ್ದೋ ಅಂತ ಕೇಳಿದೆ. ಯಾವುದಾದರೂ ಹಾಕಿ, ವಾಲ್ಯೂಮು ಕಡಿಮೆ ಇಡಿ ಅಂದಳು.